ಹಗುರ ಬಾಣದ ಹಾದಿ

ನಮ್ಮ ಸೀಮೆಯ ಊರುಗಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಬೇಕು. ಕಲ್ಯಾಣದುರ್ಗ, ರಾಯದುರ್ಗ, ಪೆನುಕೊಂಡ, ರತ್ನಗಿರಿ. ಗಡಿ ದಾಟಿದರೆ ನಿಡಗಲ್ಲು, ಪಾವಗಡ, ಚಿತ್ರದುರ್ಗ. ಎಲ್ಲವೂ ಬೆಟ್ಟ, ಇಲ್ಲವೇ ಬೆಟ್ಟದ ಮೇಲಣ ಕೋಟೆ. ಬಯಲಿನ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಈ ಬಂಡೆಗಳನ್ನು ನೋಡುತ್ತಲೇ ನಾವೆಲ್ಲ ಬೆಳೆದೆವು. ಕಲ್ಯಾಣದುರ್ಗಕ್ಕೆ ಆ ಹೆಸರು ಬಂದದ್ದು ಬೋಯ ಕಲ್ಯಾಣಪ್ಪನೆಂಬ ಪಾಳೆಯಗಾರನಿಂದ ಎಂದು ಹಿರಿಯರು ಹೇಳುತ್ತಾರೆ. ರಾಯದುರ್ಗದ ಬೇಡರನ್ನು ಹದ್ದುಬಸ್ತಿಗೆ ತರಲು ವಿಜಯನಗರದ ರಾಯರೇ ಖುದ್ದಾಗಿ ಬರಬೇಕಾಯಿತಂತೆ; ಆದ್ದರಿಂದಲೇ ಅದು ರಾಯದುರ್ಗವಾಯಿತಂತೆ. ಬೋಯರೆಂದರೂ ಬೇಡರೆಂದರೂ ನಾಯಕರೆಂದರೂ ನಮ್ಮಲ್ಲಿ ಒಂದೇ ಜನ. ಅವರ ಹೆಸರು ಹೇಳಿದೊಡನೆ ಬಿಲ್ಲು ನೆನಪಾಗುತ್ತದೆ.

ಸಮ್ಮೇಳನದ ಸ್ಮರಣ ಸಂಚಿಕೆಗೆ ಈ ಸೀಮೆಯ ಚರಿತ್ರೆಯನ್ನು ಕುರಿತು ಏನಾದರೂ ಬರೆಯಬೇಕೆಂದು ಸಂಘದ ಮಿತ್ರರು ಕೇಳಿದಾಗ ಲೇಪಾಕ್ಷಿಯನ್ನೋ ಹೇಮಾವತಿಯನ್ನೋ ಆರಿಸಿಕೊಳ್ಳುವುದು ಸುಲಭವಾಗಿತ್ತು. ಆದರೆ ಬಹುಕಾಲದಿಂದ ನನ್ನ ಮೇಲೆ ಒಂದು ಸಾಲವಿದೆ. ದೂರಕ್ಕೆ ಹೋಗಲೆಂದೇ ಮಾಡುತ್ತಿದ್ದ ಹಗುರವಾದ ಬಾಣದ ಕಥೆ ಅದು. ಕಾರಣ, ನಾನೇ ಮಾಡಿದ ಒಂದು ತಪ್ಪು.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ವಿಜಯನಗರದ ಸೈನ್ಯದ ವಿಷಯ ಬಂದಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಕಲ್ಯಾಣದುರ್ಗದ ಕಡೆಯ ಹಳ್ಳಿಯಿಂದ ಬಂದು ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಬೋಯರ ಹುಡುಗ. ಮಾತು ಕಡಿಮೆ. “ಸಾರ್, ದಪ್ಪ ಬಾಣ ದೂರ ಹೋಗ್ತದಾ, ಸಣ್ಣದಾ?” ಎಂದು ಕೇಳಿದ. “ದಪ್ಪದ್ದೇ ಕಣಪ್ಪಾ. ಭೀಮಸೇನ ಬಿಟ್ಟ ಬಾಣ ದೂರ ಹೋಗುತ್ತದೋ, ಉತ್ತರಕುಮಾರ ಬಿಟ್ಟದ್ದೋ?” ಎಂದೆ. ತರಗತಿ ನಕ್ಕಿತು. ಅವನು ಕೂರಲಿಲ್ಲ. “ಇಲ್ಲ ಸಾರ್, ಸಣ್ಣದೇ ಹೋಗ್ತದೆ,” ಎಂದ. “ಎಲ್ಲಿ ಓದಿದೆ? ಯಾವ ಪುಸ್ತಕದಲ್ಲಿದೆ, ತೋರಿಸು,” ಎಂದು ಗದರಿದೆ. ಅವನು ಕೂತ. ಮುಂದೆ ಆ ವರ್ಷವೆಲ್ಲ ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ನಿವೃತ್ತನಾದ ಮೇಲೆ ಬಿಡುವು ಸಿಕ್ಕಿ ಹಳೆಯ ಗ್ರಂಥಗಳನ್ನು ತಿರುವಿಹಾಕುವ ಅಭ್ಯಾಸವಾಯಿತು. ಆಗ ತಿಳಿಯಿತು, ಪುಸ್ತಕವೂ ಹುಡುಗನ ಪಕ್ಷದಲ್ಲೇ ಇತ್ತು ಎಂದು.

ಬಿಲ್ವಿದ್ಯೆಯನ್ನು ಕುರಿತು ಸಂಸ್ಕೃತದಲ್ಲಿ ಧನುರ್ವೇದ ಎಂಬ ಶಾಸ್ತ್ರವಿದೆ. ವಸಿಷ್ಠರ ಹೆಸರಿನಲ್ಲಿ ಒಂದು ಗ್ರಂಥ ಉಳಿದಿದೆ. ಸುಮಾರು 1363ರಲ್ಲಿ ಸಿದ್ಧವಾದ ‘ಶಾರ್ಙ್ಗಧರ ಪದ್ಧತಿ’ ಎಂಬ ಸಂಗ್ರಹದಲ್ಲಿಯೂ ಅದೇ ವಿಷಯದ ಶ್ಲೋಕಗಳಿವೆ. ಬಾಣಕ್ಕೆ ಬೇಕಾದ ಜೊಂಡನ್ನು ಎಂಥ ನೆಲದಿಂದ ತರಬೇಕು, ಅದು ಎಷ್ಟು ಬಲಿತಿರಬೇಕು, ಎಷ್ಟು ದುಂಡಗೆ ಗಟ್ಟಿಯಾಗಿರಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಬಾಣದ ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ, ದಪ್ಪ ಕಿರುಬೆರಳಿನಷ್ಟು. ಹಿಂಬದಿಗೆ ಆರಾರು ಅಂಗುಲದ ನಾಲ್ಕು ಗರಿ. ಹದ್ದು, ಹಂಸ, ನವಿಲು, ಕೊಕ್ಕರೆಯಂಥ ಹಕ್ಕಿಗಳ ಗರಿಗಳು ಈ ಕೆಲಸಕ್ಕೆ ಬರುತ್ತಿದ್ದವು. ಅಂದಹಾಗೆ, ‘ಶರ’ ಎಂಬ ಮಾತಿಗೆ ಮೊದಲ ಅರ್ಥವೇ ಜೊಂಡು. ಒಳಗೆ ಪೊಳ್ಳಾದ, ಹಗುರವಾದ ಹುಲ್ಲಿನ ಕಡ್ಡಿಯಿಂದಲೇ ಬಾಣಕ್ಕೆ ಆ ಹೆಸರು ಬಂದಿದೆ. ಪೂರ್ತಿ ಕಬ್ಬಿಣದಲ್ಲಿ ಮಾಡಿದ ಬಾಣಕ್ಕೆ ‘ನಾರಾಚ’ ಎಂಬ ಬೇರೆಯ ಹೆಸರನ್ನೇ ಇಡಬೇಕಾಯಿತು.

ಇದೇ ಶಾಸ್ತ್ರ ಬಾಣಗಳನ್ನು ಸ್ತ್ರೀ, ಪುರುಷ, ನಪುಂಸಕ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮುಂಭಾಗ ದಪ್ಪವಾಗಿದ್ದು ಹಿಂದಕ್ಕೆ ಸಣ್ಣಗಾಗುತ್ತ ಹೋದರೆ ಅದು ಸ್ತ್ರೀಬಾಣ. ಹಿಂಭಾಗ ದಪ್ಪವಾಗಿದ್ದರೆ ಪುರುಷಬಾಣ. ತುದಿಯಿಂದ ತುದಿಗೆ ಒಂದೇ ಸಮನಾಗಿದ್ದರೆ ನಪುಂಸಕ. ಅದು ಗುರಿಯ ಅಭ್ಯಾಸಕ್ಕೆ. ಪುರುಷಬಾಣ ಬಲವಾಗಿ ಭೇದಿಸುತ್ತದೆ. ದೂರ ಹೋಗುವುದು ಸ್ತ್ರೀಬಾಣ. ಹೆಸರುಗಳ ಔಚಿತ್ಯವನ್ನು ಕುರಿತು ಸಭೆಯಲ್ಲಿರುವ ತಾಯಂದಿರು ಏನು ಹೇಳುವರೋ ನಾನರಿಯೆ. ನನಗೆ ಮುಖ್ಯವಾಗಿ ಕಂಡದ್ದು, ಭೇದಿಸುವ ಬಾಣ ಬೇರೆ, ದೂರ ಹೋಗುವ ಬಾಣ ಬೇರೆ ಎಂಬ ತಿಳಿವಳಿಕೆ. ಒಂದೇ ಬಾಣದಿಂದ ಎರಡೂ ಕೆಲಸ ಆಗದು ಎಂಬುದನ್ನು ಶಾಸ್ತ್ರಕಾರರು ಸ್ಪಷ್ಟವಾಗಿ ಕಂಡುಕೊಂಡಿದ್ದರು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ನಾಲೀಕ’ವನ್ನು ಕುರಿತ ಮಾತು. ನಾಲೀಕಗಳೆಂದರೆ ಹಗುರವಾದ ಬಾಣಗಳು. ಅವನ್ನು ನಳಿಗೆಯಂಥ ಒಂದು ಸಾಧನದ ಮೂಲಕ ಬಿಡಬೇಕು. ಬಹಳ ಎತ್ತರಕ್ಕೆ, ಬಹಳ ದೂರಕ್ಕೆ ಬಿಡಬೇಕಾದಾಗಲೂ ದುರ್ಗಗಳ ಯುದ್ಧದಲ್ಲಿಯೂ ಅವು ಉಚಿತ ಎಂದು ಆ ಗ್ರಂಥ ವಿಧಿಸುತ್ತದೆ. ದುರ್ಗಗಳ ನಾಡಿನಲ್ಲಿ ಹುಟ್ಟಿ ಬೆಳೆದ ನಾನು ಈ ಮಾತನ್ನು ಎರಡು ಸಲ ಓದಿಕೊಂಡೆ. ಕೆಳಗಿನ ಬಯಲಿನಲ್ಲಿ ಡೇರೆ ಹಾಕಿದವನಿಗೆ ಮೇಲಿನ ಕೊತ್ತಳ ಎತ್ತರದಲ್ಲಿದೆ. ಮೇಲಿರುವವನಿಗೆ ಕೆಳಗಿನ ಡೇರೆ ದೂರದಲ್ಲಿದೆ. ಇಬ್ಬರಿಗೂ ಹಗುರ ಬಾಣವೇ ಬೇಕು.

ನಳಿಗೆ ಎಂದೊಡನೆ ಅದು ಬಂದೂಕವೇ, ನಮ್ಮ ಪೂರ್ವಿಕರಿಗೆ ಕೋವಿ ಮೊದಲೇ ಗೊತ್ತಿತ್ತು ಎಂದು ಬರೆದವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಮದ್ದಿನ ಮಾತಿಲ್ಲ, ಬೆಂಕಿಯ ಮಾತಿಲ್ಲ, ಇರುವುದು ಬಾಣದ ಮಾತು. ಅರಬರಲ್ಲಿಯೂ ಪಾರಸಿಕರಲ್ಲಿಯೂ ತುರ್ಕರಲ್ಲಿಯೂ ಇಂಥ ಸಾಧನ ಬಳಕೆಯಲ್ಲಿತ್ತು. ಉದ್ದಕ್ಕೆ ಕಾಲುವೆಯಂತೆ ತೋಡಿದ ಒಂದು ಕೋಲನ್ನು ಬಿಲ್ಲಿಗೆ ಅಡ್ಡಲಾಗಿ ಹಿಡಿದು, ಅದರೊಳಗೆ ಗಿಡ್ಡ ಬಾಣವನ್ನಿಟ್ಟು ಹೆದೆಯನ್ನು ಪೂರ್ತಿ ಎಳೆಯುತ್ತಿದ್ದರು. ಬಾಣ ಬಿಲ್ಲಿಗಿಂತ ಹಿಂದಕ್ಕೆ ಬಂದರೂ ಕೋಲಿನ ಕಾಲುವೆ ಅದಕ್ಕೆ ದಾರಿ ತೋರಿಸುತ್ತಿತ್ತು. 14ನೆಯ ಶತಮಾನದ ಮಮ್ಲೂಕರ ಬಿಲ್ವಿದ್ಯೆಯ ಕೈಪಿಡಿಗಳಲ್ಲಿ ಇದರ ವಿವರವಿದೆ. ಇದರಿಂದ ಇನ್ನೊಂದು ಲಾಭ: ಬಿದ್ದ ಗಿಡ್ಡ ಬಾಣವನ್ನು ಶತ್ರು ಎತ್ತಿಕೊಂಡು ತನ್ನ ಬಿಲ್ಲಿನಿಂದ ತಿರುಗಿ ಬಿಡಲಾರ, ಅವನ ಬಿಲ್ಲಿಗೆ ಅದು ಮೋಟು. ನಮ್ಮ ನಾಲೀಕವೂ ಈ ಜಾತಿಯದೇ ಇರಬೇಕೆಂದು ನನ್ನ ಅಭಿಪ್ರಾಯ.

ಹಗುರವಾದದ್ದು ಏಕೆ ದೂರ ಹೋಗುತ್ತದೆ? ನಾನು ಓದಿದ್ದು ಬಿ.ಎ.; ಈ ಪ್ರಶ್ನೆಯನ್ನು ನನ್ನ ಜೊತೆಯಲ್ಲೇ ನಿವೃತ್ತರಾದ ವಿಜ್ಞಾನದ ಮೇಷ್ಟ್ರ ಮುಂದಿಟ್ಟೆ. ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಎಳೆದ ಬಿಲ್ಲಿನಲ್ಲಿ ಕೂಡಿರುವ ಶಕ್ತಿ ಇಂತಿಷ್ಟೇ. ಬಾಣದ ತೂಕ ಅರ್ಧವಾದರೆ ಅದೇ ಶಕ್ತಿಯಿಂದ ಅದರ ವೇಗ ಸುಮಾರು 1.4 ಪಟ್ಟಾಗುತ್ತದೆ. ಗಾಳಿಯೇ ಇಲ್ಲದಿದ್ದರೆ ಹೋಗುವ ದೂರ ಎರಡು ಪಟ್ಟು. ಆದರೆ ಗಾಳಿ ಇದೆ. ಬಿಲ್ಲಿನ ತೋಳುಗಳಿಗೂ ತಮ್ಮದೇ ತೂಕವಿದೆ. ಆದ್ದರಿಂದ ಲಾಭ ಅಷ್ಟು ಬರುವುದಿಲ್ಲ, ಬಂದಷ್ಟು ಸಾಕಷ್ಟು ದೊಡ್ಡದೇ. ತೀರ ಹಗುರ ಮಾಡಿದರೂ ಕೆಟ್ಟಿತು. ಹಕ್ಕಿಯ ಗರಿಯನ್ನು ಎಷ್ಟು ಬಲವಾಗಿ ಎಸೆದರೂ ನಾಲ್ಕು ಮಾರು ಹೋಗದಲ್ಲ, ಹಾಗೆ. ಬಾಣ ಹಗುರವಾಗಿರಬೇಕು, ಸಪೂರವಾಗಿರಬೇಕು, ಗಾಳಿಗೆ ಸಿಕ್ಕುವ ಗರಿ ಚಿಕ್ಕದಾಗಿರಬೇಕು, ಆದರೂ ಹೆದೆಯ ಹೊಡೆತಕ್ಕೆ ಬಳುಕಿ ಮುರಿಯಬಾರದು. ಇದು ಭೀಮನ ತೋಳಿನಿಂದ ಆಗುವ ಕೆಲಸವಲ್ಲ; ಕಡ್ಡಿಯನ್ನು ಆರಿಸಿ ಹೆರೆಯುವವನ ಕೈಯಿಂದ ಆಗಬೇಕಾದ ಕೆಲಸ. ಬೇಡರೆಂದರೆ ತೋಳ್ಬಲದವರು ಎಂದಷ್ಟೇ ಪಾಠ ಹೇಳಿಕೊಂಡು ಬಂದ ನನ್ನಂಥವರು ಈ ಕೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹಾಗೆಂದು ಈ ದೇಶದಲ್ಲಿ ಹಗುರ ಬಾಣವೇ ಎಲ್ಲೆಡೆ ಮೆರೆಯಿತೆಂದು ಹೇಳಿದರೆ ಅದೂ ತಪ್ಪಾದೀತು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಕಂಡದ್ದನ್ನು ಆಧರಿಸಿ ಏರಿಯನ್ ಎಂಬ ಗ್ರೀಕ್ ಲೇಖಕ ವಾಯವ್ಯ ಭಾರತದ ಬಿಲ್ಲುಗಾರರನ್ನು ವರ್ಣಿಸಿದ್ದಾನೆ. ಬಿಲ್ಲು ಆಳುದ್ದ, ಅದರ ಒಂದು ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹಿಡಿದು ಎಳೆಯುತ್ತಿದ್ದರು, ಬಾಣ ಮೂರು ಮೊಳಕ್ಕೆ ತುಸು ಕಡಿಮೆ, ಅದನ್ನು ಗುರಾಣಿಯೂ ತಡೆಯದು, ಎದೆಗವಚವೂ ತಡೆಯದು. ಇದು ಭೇದಿಸುವ ಬಾಣ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಕೆತ್ತಿದ ಬಿಲ್ಲುಗಳೂ ಹೆಚ್ಚಾಗಿ ಸರಳವಾದ, ಉದ್ದನೆಯ ಬಿಲ್ಲುಗಳು. ತುರು ಕಾಯಲು ಹೋದವನಾಗಲಿ, ಜಾಲಿಯ ಪೊದೆಯಲ್ಲಿ ಹಂದಿಗೆ ಹೊಂಚುಹಾಕಿದವನಾಗಲಿ ಐವತ್ತು ಹೆಜ್ಜೆಯೊಳಗೆ ಬಾಣ ಬಿಡುತ್ತಿದ್ದ. ಅಲ್ಲಿ ತೂಕದ ಬಾಣವೇ ಸರಿ. ಲೇಪಾಕ್ಷಿಯ ಮಂಟಪದ ಮೇಲ್ಛಾವಣಿಯಲ್ಲಿ ಚಿತ್ರಿಸಿರುವ ಕಿರಾತಾರ್ಜುನೀಯವನ್ನು ನಮ್ಮವರೆಲ್ಲ ಕತ್ತು ನೋಯುವಷ್ಟು ಹೊತ್ತು ನೋಡಿದ್ದಾರೆ. ಶಿವನೂ ಅರ್ಜುನನೂ ಒಂದೇ ಹಂದಿಗೆ ಬಿಟ್ಟ ಬಾಣಗಳ ಕಥೆ ಅದು. ಜಗಳ ಬಂದದ್ದು ಹಂದಿ ಯಾರ ಬಾಣಕ್ಕೆ ಬಿದ್ದಿತು ಎಂಬುದಕ್ಕೆ. ಯಾರ ಬಾಣ ದೂರ ಹೋಯಿತು ಎಂಬುದಕ್ಕಲ್ಲ.

ದೂರದ ಬಾಣಕ್ಕೆ ಬೇರೆ ಬಿಲ್ಲು ಬೇಕು. ಹಗುರ ಬಾಣವನ್ನು ಥಟ್ಟನೆ ಚಿಮ್ಮಿಸಬೇಕಾದರೆ ಬಿಲ್ಲಿನ ತೋಳು ಗಿಡ್ಡವಾಗಿರಬೇಕು, ಬೇಗ ಮರಳಬೇಕು. ನಡುವೆ ಮರ, ಹೊಟ್ಟೆಯ ಕಡೆ ಕೊಂಬು, ಬೆನ್ನಿನ ಕಡೆ ಪ್ರಾಣಿಯ ಸ್ನಾಯುವಿನ ನಾರು, ಇವನ್ನು ಅಂಟಿನಿಂದ ಕೂಡಿಸಿ ಮಾಡುವ ಬಿಲ್ಲೇ ಅದಕ್ಕೆ ತಕ್ಕದ್ದು. ಧನುರ್ವೇದದಲ್ಲಿ ಕೊಂಬಿನ ಬಿಲ್ಲಿಗೆ ಶಾರ್ಙ್ಗವೆಂದು ಹೆಸರು; ಆನೆ ಕುದುರೆಗಳ ಮೇಲೆ ಕೂತವರಿಗೆ ಅದು, ಕಾಲಾಳಿಗೂ ರಥಿಕನಿಗೂ ಬಿದಿರಿನ ಬಿಲ್ಲು ಎಂಬುದು ಅಲ್ಲಿನ ವಿಧಿ. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ‘ಸಿಂಗಾಡಿ’ ಎಂಬ ಪದವನ್ನು ಗಮನಿಸಬೇಕು. ಬಿಲ್ಲೆಂದು ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಅದರೊಳಗೆ ಇರುವುದು ಸಿಂಗ, ಅಂದರೆ ಶೃಂಗ, ಕೊಂಬು. ತೆಲುಗಿನಲ್ಲಿ ‘ಸಿಂಗಿಣಿ’ ಎನ್ನುತ್ತಾರೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಎರಡೂ ಕಡೆ ಸಾಕ್ಷಿ ಸಿಕ್ಕಂತಾಯಿತು.

ಈ ಬಿಲ್ಲು ದೊಡ್ಡ ಪ್ರಮಾಣದಲ್ಲಿ ಕನ್ನಡದ ಸೈನ್ಯಕ್ಕೆ ಬಂದ ಸಂದರ್ಭವನ್ನು ಫೆರಿಸ್ತಾ ದಾಖಲಿಸಿದ್ದಾನೆ. ಅವನು ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ ಕೂತು, 17ನೆಯ ಶತಮಾನದ ಆರಂಭದಲ್ಲಿ. ಇಮ್ಮಡಿ ದೇವರಾಯನು (1424–1446) ಬಹಮನಿ ಸೈನ್ಯದಿಂದ ಪದೇಪದೇ ಸೋತಾಗ ಮಂತ್ರಿಗಳನ್ನೂ ಪ್ರಮುಖರನ್ನೂ ಸೇರಿಸಿ ಕಾರಣ ಕೇಳಿದನಂತೆ. ನಮ್ಮ ಸೀಮೆ ದೊಡ್ಡದು, ಜನ ಹೆಚ್ಚು, ಆದಾಯ ಹೆಚ್ಚು, ಆದರೂ ಸೋಲೇಕೆ? ಕೆಲವರು ಅದು ದೈವೇಚ್ಛೆ ಎಂದರು. ಉಳಿದವರು ಎರಡು ಕಾರಣ ಕೊಟ್ಟರು: ಅವರ ಕುದುರೆಗಳು ನಮ್ಮವಕ್ಕಿಂತ ಬಲವಾದವು, ಅವರಲ್ಲಿ ನುರಿತ ಬಿಲ್ಲುಗಾರರ ದೊಡ್ಡ ಪಡೆಯಿದೆ, ನಮ್ಮಲ್ಲಿಲ್ಲ. ರಾಯ ಎರಡನೆಯ ಮಾತನ್ನು ಕಿವಿಗೆ ಹಾಕಿಕೊಂಡ. ಮುಸಲ್ಮಾನ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು ಜಹಗೀರು ಕೊಟ್ಟ. ಅವರಿಗಾಗಿ ಮಸೀದಿ ಕಟ್ಟಿಸಿದ. ಅವರು ಸಂಕೋಚವಿಲ್ಲದೆ ತನಗೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ. ತನ್ನ ಹಿಂದೂ ಸೈನಿಕರಿಗೂ ಅವರಿಂದ ಬಿಲ್ವಿದ್ಯೆ ಕಲಿಸಿದ. ಕೊನೆಗೆ 2,000 ಮುಸಲ್ಮಾನರೂ 60,000 ಹಿಂದೂಗಳೂ ನುರಿತ ಬಿಲ್ಲುಗಾರರಾಗಿ ಸಿದ್ಧರಾದರೆಂದು ಫೆರಿಸ್ತಾ ಬರೆಯುತ್ತಾನೆ.

ಆಸ್ಥಾನದ ಚರಿತ್ರಕಾರರ ಅಂಕಿಗಳನ್ನು ನಾನು ಅರ್ಧಕ್ಕರ್ಧ ಕಳೆದು ಓದುವವನು. ಫೆರಿಸ್ತಾನಿಗೆ ಬಹಮನಿಗಳ ಮೇಲೆ ಪಕ್ಷಪಾತವೂ ಇತ್ತು. ಆದರೂ ಘಟನೆಯ ತಿರುಳನ್ನು ಅಲ್ಲಗಳೆಯಲು ಕಾರಣವಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಸೇನಾ ಪ್ರದರ್ಶನವನ್ನು ವರ್ಣಿಸುವಾಗ ರಾಯರ ಮುಸಲ್ಮಾನ ಸೈನಿಕರ ಕೈಯಲ್ಲಿ ತುರ್ಕಿ ಬಿಲ್ಲುಗಳಿದ್ದುದನ್ನು ಹೆಸರಿಸಿಯೇ ಹೇಳುತ್ತಾನೆ. ಬೆಂಕಿಯ ಅಸ್ತ್ರಗಳೂ ಅವರ ಬಳಿ ಇದ್ದವು. ಅವನ್ನು ಅವರು ಅಷ್ಟು ಚೆನ್ನಾಗಿ ಬಳಸಬಲ್ಲರೆಂದು ಕಂಡು ಅವನಿಗೆ ಬೆರಗಾಯಿತಂತೆ. ದೇವರಾಯನಿಗೂ ಪಾಯೆಸನಿಗೂ ನಡುವೆ ಮುಕ್ಕಾಲು ಶತಮಾನದ ಅಂತರ. ಇಬ್ಬರ ಮಾತೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆ.

ಇಲ್ಲಿ ನನ್ನದೊಂದು ಊಹೆಯನ್ನು ಸೇರಿಸುತ್ತೇನೆ. ಊಹೆಯೆಂದೇ ಓದುಗರು ತೆಗೆದುಕೊಳ್ಳಬೇಕು. ಕೊಂಬಿನ ಬಿಲ್ಲಿಗೆ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಅಂಟು ಬಿಟ್ಟುಕೊಂಡು ಬಿಲ್ಲು ಕೆಡುತ್ತದೆ. ಉಗ್ರಾಣದಲ್ಲಿಟ್ಟರೂ ಕೆಡದಿರಲೆಂದೇ ಭಾರತದಲ್ಲಿ ಉಕ್ಕಿನ ಬಿಲ್ಲುಗಳನ್ನು ಮಾಡತೊಡಗಿದ್ದು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಈ ಬಿಲ್ಲು ಒಂದು ಮಳೆಗಾಲ ಬಾಳುವುದೂ ಕಷ್ಟ. ಆದರೆ ಮಳೆ ನಮ್ಮನ್ನು ಮರೆತ ಸೀಮೆ ಇದು. ಒಣಗಾಳಿಯ ಈ ದುರ್ಗಗಳಲ್ಲಿ ಸಿಂಗಾಡಿಯ ಅಂಟು ಗಟ್ಟಿಯಾಗಿಯೇ ಇದ್ದಿರಬೇಕು. ನಮ್ಮ ಬರಗಾಲದಿಂದ ಒಂದಾದರೂ ಪ್ರಯೋಜನವಾಗಿದ್ದರೆ ಅದು ಇದು.

ಇಷ್ಟೆಲ್ಲ ಇದ್ದರೂ ನಮ್ಮವರು ಬಾಣ ಎಷ್ಟು ದೂರ ಹೋಯಿತೆಂದು ಅಳೆದು ಬರೆದಿಟ್ಟವರಲ್ಲ. ಆ ಕೆಲಸ ಮಾಡಿದವರು ತುರ್ಕರು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೆಯ ಮೆಹ್ಮದ್ ನಗರದ ಹೊರಗೆ ಒಕ್‌ಮೈದಾನವೆಂಬ ಬಯಲನ್ನು ಬಿಲ್ಲುಗಾರರಿಗೆಂದೇ ಬಿಟ್ಟುಕೊಟ್ಟ. ಒಕ್ ಎಂದರೆ ಬಾಣ. ಮೈದಾನ ನಮಗೂ ಗೊತ್ತಿರುವ ಮಾತು. ಅಲ್ಲಿ ದೂರಕ್ಕೆ ಬಿಡುವ ಬಾಣಗಳು ಮೂರು ಐದು ರೂಪಾಯಿ ನಾಣ್ಯದಷ್ಟೂ ತೂಗುತ್ತಿರಲಿಲ್ಲ. ಹದಿನೈದು ಗ್ರಾಂ ಆಸುಪಾಸು. ಇಂಗ್ಲಿಷರ ಯುದ್ಧದ ಬಾಣ ಅದರ ನಾಲ್ಕು ಪಟ್ಟು ತೂಗುತ್ತಿತ್ತು. ತುರ್ಕರ ಬಾಣ ನಡುವೆ ತುಸು ಉಬ್ಬಿ ಎರಡೂ ತುದಿಗೆ ಸಪೂರವಾಗುತ್ತಿತ್ತು, ಗರಿ ಪುಟ್ಟದು, ಮೊನೆಗೆ ಮೂಳೆಯದೋ ದಂತದ್ದೋ ಚಿಕ್ಕ ತುಂಡು. ಎಡಗೈಗೆ ಕಟ್ಟಿಕೊಳ್ಳುವ ಒಂದು ಕಾಲುವೆಯ ತುಣುಕಿನಿಂದ ಗಿಡ್ಡ ಬಾಣವನ್ನು ಬಿಲ್ಲಿನ ಒಳಗಿನವರೆಗೂ ಎಳೆಯುತ್ತಿದ್ದರು. ನಾಲೀಕದ ಬಂಧುವೇ ಅದು ಎನ್ನಬಹುದು.

ದಾಖಲೆ ಮುರಿದ ಬಾಣ ಬಿದ್ದ ಜಾಗದಲ್ಲಿ ಅವರು ಕಲ್ಲು ನೆಡುತ್ತಿದ್ದರು. ಬಿಟ್ಟವನ ಹೆಸರು, ದೂರ, ಕೆಲವೊಮ್ಮೆ ಹೊಗಳಿಕೆಯ ಪದ್ಯವನ್ನೂ ಕೆತ್ತಿಸುತ್ತಿದ್ದರು. ಅಂಥ ಕಲ್ಲುಗಳು ಇಸ್ತಾಂಬುಲಿನಲ್ಲಿ ಇಂದಿಗೂ ಇವೆ. ಬಾಣ ಬಿದ್ದಲ್ಲಿ ಅವರು ಕಲ್ಲು ನೆಟ್ಟರು. ನಾವು ಆಳು ಬಿದ್ದಲ್ಲಿ ನೆಟ್ಟೆವು. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಮೆರೆದ ತೋಜ್‌ಕೊಪರಾನ್ ಇಸ್ಕಂದರ್ ಎಂಬವನ ಬಾಣ ಸುಮಾರು 846 ಮೀಟರ್ ಹೋಯಿತೆಂದು ಲೆಕ್ಕ. 1790ರ ದಶಕದಲ್ಲಿ ಲಂಡನ್ನಿನ ತುರ್ಕಿ ರಾಯಭಾರಿಯ ಕಾರ್ಯದರ್ಶಿ ಮಹಮೂದ್ ಎಫೆಂಡಿ ಅಲ್ಲಿನ ಬಿಲ್ಲುಗಾರರ ಮುಂದೆ 482 ಗಜ ದೂರಕ್ಕೆ ಬಾಣ ಬಿಟ್ಟಾಗ, ಉದ್ದ ಬಿಲ್ಲಿನ ಹೆಮ್ಮೆಯ ಇಂಗ್ಲಿಷರು ಬಾಯಿಮೇಲೆ ಬೆರಳಿಟ್ಟುಕೊಂಡರು. ಸುಲ್ತಾನ ಮೂರನೆಯ ಸಲೀಮನು 1798ರಲ್ಲಿ ಬಿಟ್ಟ ಬಾಣ ಸುಮಾರು 889 ಮೀಟರ್ ದೂರಕ್ಕೆ ಬಿದ್ದಿತೆಂದು ದಾಖಲೆಯಾಗಿದೆ. ಕಲ್ಯಾಣದುರ್ಗದ ಬೆಟ್ಟದ ಕೆಳಗೆ ನಿಂತು ಅಷ್ಟು ದೂರವನ್ನು ಕಣ್ಣಳತೆಯಲ್ಲಿ ನೋಡಿದರೆ ಅದು ಎಂಥ ಮಾತೆಂದು ಅರಿವಾಗುತ್ತದೆ. ನಮ್ಮ ಕೂಗಳತೆ ಅದರ ಮುಂದೆ ಏನೂ ಅಲ್ಲ.

ಈ ಸಲೀಮನ ಹೆಸರನ್ನು ನಮ್ಮ ಚರಿತ್ರೆಯಲ್ಲಿ ಓದಿದವರಿಗೆ ಇನ್ನೊಂದು ನೆನಪು ಬಾರದಿರದು. ಟಿಪ್ಪು ಸುಲ್ತಾನ್ ಕಳಿಸಿದ ರಾಯಭಾರಿಗಳು 1787ರಲ್ಲಿ ಕಾನ್‌ಸ್ಟಾಂಟಿನೋಪಲ್ ತಲಪಿದ್ದರು. ಹನ್ನೊಂದು ವರ್ಷ ಕಳೆದ ಮೇಲೆ, ಬಾಣದ ದಾಖಲೆಯ ಅದೇ 1798ರಲ್ಲಿ, ಸಪ್ಟೆಂಬರಿನಲ್ಲಿ ಸಲೀಮನು ಟಿಪ್ಪುವಿಗೆ ಪತ್ರ ಬರೆದ: ಫ್ರೆಂಚರನ್ನು ನಂಬಬೇಡ, ಇಂಗ್ಲಿಷರೊಡನೆ ಕಾದಬೇಡ ಎಂದು. ಪತ್ರ ಇಂಗ್ಲಿಷರ ಕೈಯಿಂದಲೇ ಬಂದದ್ದು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಆ ಹೊತ್ತಿಗೆ ನಮ್ಮಲ್ಲಿ ‘ಬಾಣ’ ಎಂಬ ಮಾತಿನ ಅರ್ಥವೇ ಬದಲಾಗಿತ್ತು. ಹೈದರ್ ಮತ್ತು ಟಿಪ್ಪು ಸೈನ್ಯದಲ್ಲಿ ಬಾಣವೆಂದರೆ ಮದ್ದು ತುಂಬಿದ ಕಬ್ಬಿಣದ ನಳಿಗೆ. ಅದಕ್ಕೆ ಉದ್ದನೆಯ ಬಿದಿರ ಕೋಲನ್ನೋ ಕತ್ತಿಯ ಅಲಗನ್ನೋ ಕಟ್ಟಿರುತ್ತಿದ್ದರು. ಇಂದು ರಾಕೆಟ್ಟೆಂದು ಕರೆಯುವುದು ಅದನ್ನೇ. ಜಾತ್ರೆಯ ಬಾಣಬಿರುಸಿನಲ್ಲಿ ಉಳಿದಿರುವ ಬಾಣವೂ ಅದೇ. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಅದರ ಹೊಡೆತ ಕಂಡ ಇಂಗ್ಲಿಷರು ಮುಂದೆ ಅದನ್ನು ತಮ್ಮ ದೇಶಕ್ಕೆ ಒಯ್ದರು. ಕಾಂಗ್ರೀವ್ ಎಂಬವನು ಅದನ್ನೇ ತಿದ್ದಿ ತನ್ನ ಹೆಸರಿನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಿದ್ದ ಬಾವಿಯೊಂದನ್ನು ತೋಡಿದಾಗ ಸಾವಿರಕ್ಕೂ ಹೆಚ್ಚು ಇಂಥ ನಳಿಗೆಗಳು ಸಿಕ್ಕಿದವು, ಒಂದೊಂದೂ ಗೇಣುದ್ದ. ಕಿಲೋಮೀಟರಿನಷ್ಟು ದೂರಕ್ಕೆ ಹಾರುವ ಬಾಣ ಕೈಗೆ ಬಂದ ಮೇಲೆ ಹದಿನೈದು ಗ್ರಾಮಿನ ಕಡ್ಡಿಯನ್ನು ಹೆರೆಯುತ್ತ ಕೂರುವವರಾರು? ಕೋವಿಯಂತೂ ಅದಕ್ಕೂ ಮೊದಲೇ ಬಂದಿತ್ತು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು ನಾವು ದತ್ತಮಂಡಲದವರಾದೆವು. ಥಾಮಸ್ ಮನ್ರೋ ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಮೆತ್ತಗೆ ಮಾಡಿದ. ದುರ್ಗಗಳು ಆಡು ಕುರಿಗಳ ಪಾಲಾದವು.

ದೂರದ ಬಾಣದ ಸ್ಪರ್ಧೆ ಮಾತ್ರ ಜಗತ್ತಿನಲ್ಲಿ ನಿಲ್ಲಲಿಲ್ಲ. 1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಒಣಕೆರೆಯೊಂದರ ಬಯಲಿನಲ್ಲಿ ಹ್ಯಾರಿ ಡ್ರೇಕ್ ಎಂಬವರು ಅಂಗಾತ ಮಲಗಿ, ಬಿಲ್ಲಿಗೆ ಕಾಲು ಕೊಟ್ಟು, ಎರಡೂ ಕೈಯಿಂದ ಹೆದೆ ಎಳೆದು 1,854 ಮೀಟರ್ ದೂರಕ್ಕೆ ಬಾಣ ಬಿಟ್ಟರು. ಏರಿಯನ್ ಹೇಳಿದ ಕಾಲಿನ ಬಿಲ್ಲು ಎರಡು ಸಾವಿರ ವರ್ಷ ಕಳೆದು ಇನ್ನೊಂದು ರೂಪದಲ್ಲಿ ಬಂದಿತ್ತು, ಈ ಸಲ ಹಗುರ ಬಾಣದೊಡನೆ. ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು 2019ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಕಳೆದ ವರ್ಷ ಮದುವೆಯೊಂದಕ್ಕೆಂದು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ಸಿಗೆ ನಿಂತಿರುವಾಗ ನರೆತ ಮೀಸೆಯ ಒಬ್ಬರು ಬಂದು ಕಾಲು ಮುಟ್ಟಿದರು. ಅದೇ ಹುಡುಗ. ಈಗ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ, ಮಗಳು ಡಿಗ್ರಿ ಓದುತ್ತಿದ್ದಾಳೆ. ಅಂಗಡಿಗೆ ಕರೆದೊಯ್ದು ಕುರ್ಚಿ ಹಾಕಿ ಟೀ ತರಿಸಿದ. ನಾನು ಆ ದಿನದ ಮಾತೆತ್ತಿ, “ನೀನು ಹೇಳಿದ್ದೇ ಸರಿಯಪ್ಪಾ, ತಪ್ಪು ಹೇಳಿದವನು ನಾನು. ಪುಸ್ತಕದಲ್ಲೂ ಹಾಗೇ ಇದೆ,” ಎಂದೆ. ಅವನು ನಕ್ಕ. ನನ್ನ ಗದರಿಕೆ ಅವನಿಗೆ ನೆನಪಿರಲಿಲ್ಲ, ಅಥವಾ ನೆನಪಿಲ್ಲವೆಂದು ದೊಡ್ಡ ಮನಸ್ಸಿನಿಂದ ಹೇಳಿದ. ಬಾಣ ಮಾತ್ರ ಚೆನ್ನಾಗಿ ನೆನಪಿತ್ತು.

“ಬಿದಿರು ಸೀಳಿ ಬಿಲ್ಲು ಮಾಡ್ತಿದ್ವಿ ಸಾರ್. ಜೋಳದ ದಂಟಿನ ಬಾಣ ಕೆರೆ ಏರಿ ತಂಕಾನೂ ಹೋಗ್ತಿರ್ಲಿಲ್ಲ. ಪೊರಕೆ ಮಾಡ್ತಾರಲ್ಲ, ಹಂಚಿಕಡ್ಡಿ, ಅದು ಏರಿ ದಾಟಿ ಆಚೆ ಬೀಳ್ತಿತ್ತು.” ಎಡಗೈಯ ಎರಡು ಬೆರಳಿನಲ್ಲಿ ಕಡ್ಡಿ ಹಿಡಿದಂತೆ ಮಾಡಿ, ಬಲಗೈಯಿಂದ ಅದರ ತುದಿಯನ್ನು ತೋರಿಸಿದ. “ಬರೀ ಕಡ್ಡಿ ಆದ್ರೆ ಗಾಳಿಗೆ ಅಡ್ಡ ತಿರುಗಿಬಿಡೋದು. ಅದ್ಕೇ ರೋಡಿನ ಟಾರು ಕಿತ್ಕೊಂಡು ಬಂದು, ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಮುಂದ್ಗಡೆ ಒಂದು ಚೂರು ದಪ್ಪ ಅಂಟಿಸ್ತಿದ್ವಿ.”